ಒಪ್ಪದವರು ತೀರಿಕೊಂಡಾಗ



ನಮ್ಮ ಊರುಗಳ ಕಡೆ ಒಂದು ನಡವಳಿಕೆಯಿದೆ, ನಿಮಗೂ ಗೊತ್ತಿರುತ್ತದೆ. ಎಷ್ಟೇ ಮನಸ್ತಾಪವಿದ್ದರೂ ಸಾವಿನ ಮನೆಗೆ ಹೋಗಿ ಬರಬೇಕು. ಬೇಲಿ ಜಗಳಕ್ಕೆ ಇಪ್ಪತ್ತು ವರ್ಷ ಮಾತು ಬಿಟ್ಟವರೂ ಆ ಒಂದು ದಿನ ಹೋಗಿ ಅಂಗಳದಲ್ಲಿ ನಿಂತು ಬರುತ್ತಿದ್ದರು. ಮದುವೆಗೆ ಹೋಗದಿದ್ದರೂ ನಡೆದೀತು, ಸಾವಿಗೆ ಹೋಗದಿದ್ದರೆ ನಡೆಯದು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಕನ್ನಡದ ಒಬ್ಬ ಲೇಖಕರು ತೀರಿಕೊಂಡ ದಿನ ಈ ನಡವಳಿಕೆ ಮುರಿದುಬಿತ್ತು. ಆ ದಿನದ ಬಗ್ಗೆ, ಅದರಲ್ಲಿ ನನ್ನ ಪಾಲಿನ ತಪ್ಪಿನ ಬಗ್ಗೆ ಇವತ್ತು ನಿಮ್ಮೊಂದಿಗೆ ಮಾತಾಡಬೇಕೆನಿಸಿದೆ.

2014ರ ಆಗಸ್ಟ್ 22, ಶುಕ್ರವಾರ. ಇಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಕ್ಕಳಿಗೆ ಬೇಸಿಗೆ ರಜೆ. ಅಡುಗೆಮನೆಯಲ್ಲಿದ್ದಾಗ ಫೋನಿಗೆ ಸುದ್ದಿ ಬಂತು: ಬೆಂಗಳೂರಿನ ಆಸ್ಪತ್ರೆಯಲ್ಲಿ ಯು. ಆರ್. ಅನಂತಮೂರ್ತಿ ಇನ್ನಿಲ್ಲ. ಅವರಿಗೆ 81 ವರ್ಷ. ಕನ್ನಡ ಎಂ.ಎ. ತರಗತಿಯಲ್ಲಿ ಅವರ ಕಥೆಗಳನ್ನು ಇಟ್ಟುಕೊಂಡು ವಾದ ಮಾಡಿದವಳು ನಾನು. ಒಲೆ ಆರಿಸಿ ಸ್ವಲ್ಪ ಹೊತ್ತು ಕೂತೆ. ಸಂಜೆಯ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಮಂಗಳೂರಿನಲ್ಲಿ, ಚಿಕ್ಕಮಗಳೂರಿನಲ್ಲಿ ಕೆಲವರು ಬೀದಿಗೆ ಬಂದು ಪಟಾಕಿ ಹೊಡೆದರಂತೆ. ಚಿಕ್ಕಮಗಳೂರು ಅವರು ಹುಟ್ಟಿದ ತೀರ್ಥಹಳ್ಳಿ ಸೀಮೆಗೆ ಎಷ್ಟು ದೂರ, ನೀವೇ ಹೇಳಿ.

ಅಷ್ಟು ಸಿಟ್ಟು ಎಲ್ಲಿಂದ ಬಂತು? ಅದಕ್ಕೆ ಹಳೆಯ ಕಾರಣಗಳೂ ಇದ್ದವು, ಹೊಸ ಕಾರಣಗಳೂ ಇದ್ದವು.

ಹಳೆಯದನ್ನು ಹೇಳಬೇಕಾದರೆ ನಾನಿರುವ ಈ ಊರಿಗೇ ಬರಬೇಕು. ಕಳೆದ ಶತಮಾನದ ಅರುವತ್ತರ ದಶಕದಲ್ಲಿ ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಬಂದರು. ಒಂದು ಸಂಜೆ ತಮ್ಮ ಗುರು, ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್‌ನ 'ಸೆವೆಂತ್ ಸೀಲ್' ಚಿತ್ರ ನೋಡಿದರು. ಅದರಲ್ಲಿ ಪ್ಲೇಗು, ಸಾವು, ದೇವರ ಬಗ್ಗೆ ಅನುಮಾನ ಎಲ್ಲ ಇದೆ. ಸಬ್‌ಟೈಟಲ್ ಇರಲಿಲ್ಲ. ಆಮೇಲೆ ಇಬ್ಬರ ನಡುವೆ ನಡೆದ ಮಾತುಕತೆಯಿಂದಲೇ 'ಸಂಸ್ಕಾರ' ಹುಟ್ಟಿತೆಂದು ಅವರು ಹಲವು ಕಡೆ ಹೇಳಿಕೊಂಡಿದ್ದಾರೆ. ವಿಶ್ವವಿದ್ಯಾಲಯದ ಗಡಿಯಾರ ಗೋಪುರದ ಪಕ್ಕ ಬಸ್ಸಿನಲ್ಲಿ ಹೋಗುವಾಗೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಈ ಚಳಿಯಲ್ಲಿ ಕೂತು ಒಬ್ಬರು ಮಲೆನಾಡಿನ ಅಗ್ರಹಾರವನ್ನು ಬರೆದರಲ್ಲ!

1965ರಲ್ಲಿ ಬಂದ ಆ ಕಾದಂಬರಿಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ದೂರ್ವಾಸಪುರದ ನಾರಣಪ್ಪ ಸಾಯುತ್ತಾನೆ. ಬದುಕಿದ್ದಾಗ ಬ್ರಾಹ್ಮಣ್ಯದ ಒಂದು ನಿಯಮವನ್ನೂ ಉಳಿಸದೆ ಮುರಿದವನು, ಅಗ್ರಹಾರವನ್ನೇ ಅಣಕಿಸಿದವನು. ಆದರೆ ಅವನಿಗೆ ಬಹಿಷ್ಕಾರವನ್ನು ಮಾತ್ರ ಯಾರೂ ಹಾಕಿರಲಿಲ್ಲ. ಈಗ ಅವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು? ಪ್ರಾಣೇಶಾಚಾರ್ಯರು ಶಾಸ್ತ್ರಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ, ಸಿಗುವುದಿಲ್ಲ. ಶವ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಕೊನೆಗೆ ಅವನೊಂದಿಗೆ ಬಾಳಿದ ಚಂದ್ರಿ, ಮೀನು ವ್ಯಾಪಾರದ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸುತ್ತಾಳೆ. ಬ್ರಾಹ್ಮಣರಿಗೆ ಅದು ಗೊತ್ತೂ ಆಗುವುದಿಲ್ಲ.

ಪುಸ್ತಕ ಓದಿ ಬಹಳ ಜನ ನೊಂದರು, ಸಿಟ್ಟಾದರು. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ಕೊಡಲಿಲ್ಲ. ನಿಷೇಧ ತೆರವಾದ ಮೇಲೆ ಅದೇ ಚಿತ್ರ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ತಂದಿತು. ಅನಂತಮೂರ್ತಿಯವರ ಬದುಕು ಕೊನೆಯವರೆಗೂ ಹೀಗೇ ಸಾಗಿತು. ಒಂದು ಕೈಯಲ್ಲಿ ಬೈಗುಳ, ಇನ್ನೊಂದು ಕೈಯಲ್ಲಿ ಹಾರ. 1994ರಲ್ಲಿ ಜ್ಞಾನಪೀಠ ಬಂತು, ಕನ್ನಡಕ್ಕೆ ಅದು ಆರನೆಯದು.

ಹೊಸ ಕಾರಣ ರಾಜಕೀಯದ್ದು. 2013ರಲ್ಲಿ ಅವರು, ನರೇಂದ್ರ ಮೋದಿಯವರು ಪ್ರಧಾನಿಯಾದರೆ ಆ ದೇಶದಲ್ಲಿ ತಾನಿರಲಾರೆ ಎಂಬರ್ಥದ ಮಾತಾಡಿದರು. ಆವೇಶದಲ್ಲಿ ಹಾಗೆ ಹೇಳಿದೆ ಎಂದು ಆಮೇಲೆ ಒಪ್ಪಿಕೊಂಡರು. ಆದರೆ ಆಡಿದ ಮಾತು ಆಡಿದ್ದಾಗಿತ್ತು. 2014ರ ಚುನಾವಣೆಯ ಫಲಿತಾಂಶ ಬಂದ ಮೇಲೆ ಕೆಲವರು ಅವರಿಗೆ ಪಾಕಿಸ್ತಾನಕ್ಕೆ ಹೋಗಲು ಟಿಕೆಟ್ ಕಳಿಸಿದರು. ಮನೆಗೆ ಪೊಲೀಸ್ ಕಾವಲು ಬೇಕಾಯಿತು. ಆ ಹೊತ್ತಿಗೆ ಅವರು ಡಯಾಲಿಸಿಸ್ ಮೇಲೆ ಬದುಕಿದ್ದ ವೃದ್ಧರು. ಕಾಯಿಲೆಯ ನಡುವೆಯೇ ಸಾವರ್ಕರ್ ಮತ್ತು ಗಾಂಧಿಯವರ ವಿಚಾರಗಳನ್ನು ಎದುರುಬದುರು ಇಟ್ಟು ಒಂದು ಪುಸ್ತಕ ಬರೆದರು. 'ಹಿಂದುತ್ವ ಅಥವಾ ಹಿಂದ್ ಸ್ವರಾಜ್' ಎಂಬ ಆ ಪುಸ್ತಕ ಹೊರಬರುವಾಗ ಅವರು ಇರಲಿಲ್ಲ.

ಆ ಮಾತು ನನಗೂ ಸರಿ ಕಂಡಿರಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಜನ ಆರಿಸಿದವರನ್ನು ಒಪ್ಪದಿರಬಹುದು, ಊರು ಬಿಡುತ್ತೇನೆಂದರೆ ಊರಿನವರಿಗೆ ನೋವಾಗುತ್ತದೆ. ಅದಕ್ಕೆ ಉತ್ತರವಾಗಿ ಲೇಖನ ಬರೆಯಬಹುದು, ಸಭೆಯಲ್ಲಿ ಎದ್ದುನಿಂತು ಕೇಳಬಹುದು. ಪಟಾಕಿಯನ್ನು ಮಾತ್ರ ಉತ್ತರ ಎನ್ನಲಾಗದು.

ಇಲ್ಲಿ ಒಂದು ಸಂಗತಿ ಗಮನಿಸಿ. ಯಾರ ಬಗ್ಗೆ ಅನಂತಮೂರ್ತಿ ಆ ಮಾತಾಡಿದ್ದರೋ ಆ ಪ್ರಧಾನಿಯವರೇ ಅವರ ಸಾವು ಕನ್ನಡ ಸಾಹಿತ್ಯಕ್ಕೆ ನಷ್ಟವೆಂದು ಸಂತಾಪ ಸೂಚಿಸಿದರು. ರಾಜ್ಯ ಸರ್ಕಾರ ಸಕಲ ಗೌರವಗಳೊಂದಿಗೆ ಬೆಂಗಳೂರಿನ ಕಲಾಗ್ರಾಮದಲ್ಲಿ ಅಂತ್ಯಕ್ರಿಯೆ ನಡೆಸಿತು. ದೊಡ್ಡವರು ಅಜ್ಜಿಯ ನಡವಳಿಕೆಯನ್ನು ಪಾಲಿಸಿದರು. ಪಟಾಕಿ ಹೊಡೆದವರಲ್ಲಿ ಎಷ್ಟು ಜನ ಅವರ ಒಂದಾದರೂ ಪುಸ್ತಕ ಓದಿದ್ದರೋ!

ಇನ್ನೊಂದು ಬದಿಯವರೂ ಸುಮ್ಮನಿರಲಿಲ್ಲ. ಅಂತ್ಯಕ್ರಿಯೆ ಬ್ರಾಹ್ಮಣ ಸಂಪ್ರದಾಯದಂತೆ ನಡೆಯಿತು. 'ಸಂಸ್ಕಾರ' ಬರೆದವರಿಗೆ ಈ ಸಂಸ್ಕಾರವೇ ಎಂದು ನನ್ನ ಪ್ರಗತಿಪರ ಗೆಳತಿಯರು ಮೂಗು ಮುರಿದರು. ಕೊನೆಗೂ ದಾರಿಗೆ ಬಂದರಲ್ಲ ಎಂದು ಸಂಪ್ರದಾಯಸ್ಥ ನೆಂಟರು ನಕ್ಕರು. ಗಂಡನನ್ನು, ಅಪ್ಪನನ್ನು ಕಳೆದುಕೊಂಡ ಒಂದು ಮನೆ ಅಲ್ಲಿದೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು.

ಈಗ ನನ್ನ ತಪ್ಪಿನ ವಿಚಾರ. ಮುಂದಿನ ವಾರವೇ, ಆಗಸ್ಟ್ 29ಕ್ಕೆ, ಗಣೇಶನ ಹಬ್ಬ. ಇಲ್ಲಿನ ಕನ್ನಡಿಗರು ಸೇರಿ ಮಾಡುವ ಹಬ್ಬದ ಕಾರ್ಯಕ್ರಮದ ಸ್ವಯಂಸೇವಕಿಯರಲ್ಲಿ ನಾನೂ ಒಬ್ಬಳು. ಒಂದು ನಿಮಿಷ ಮೌನ ಆಚರಿಸೋಣ, ಅವರು ಇದೇ ಊರಲ್ಲಿ ಓದಿದವರು ಎಂದೆ. "ಹಬ್ಬದ ದಿನ ಸೂತಕದ ಮಾತು ಯಾಕೆ ಕಣ್ರೀ?" ಎಂದರು ಒಬ್ಬರು. "ಅವರ ಹೆಸರು ತೆಗೆದರೆ ಅರ್ಧ ಜನ ಎದ್ದು ಹೋಗ್ತಾರೆ, ನಿಮಗೆ ಬೇಕಾ?" ಎಂದರು ಇನ್ನೊಬ್ಬರು. ನಾನು ಸುಮ್ಮನಾದೆ. ಮೋದಕ ಹಂಚಿದೆ, ಮಕ್ಕಳ ನೃತ್ಯಕ್ಕೆ ಪರದೆ ಎಳೆದೆ, ಮನೆಗೆ ಬಂದೆ.

ಮರುವರ್ಷ, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ವಚನಗಳ ಸಂಶೋಧನೆಯಲ್ಲಿ ಆಯುಷ್ಯ ಕಳೆದ ವಿದ್ವಾಂಸರು ಅವರು. ಹಿಂದಿನ ವರ್ಷ ಅವರು ಸಭೆಯೊಂದರಲ್ಲಿ ಅನಂತಮೂರ್ತಿಯವರ ಬರಹವನ್ನು ಉಲ್ಲೇಖಿಸಿದ್ದೇ ದೊಡ್ಡ ವಿವಾದವಾಗಿತ್ತು. ಕೊಲೆಯಾದ ದಿನವೂ ಒಬ್ಬಾತ ಅನಂತಮೂರ್ತಿಯವರ ಹೆಸರನ್ನು ಜೊತೆಗೆ ಸೇರಿಸಿ ಟ್ವಿಟರಿನಲ್ಲಿ ಸಂಭ್ರಮಪಟ್ಟ. ಪಟಾಕಿ ಹೊಡೆದವರೇ ಗುಂಡು ಹೊಡೆದರೆಂದು ನಾನು ಹೇಳುತ್ತಿಲ್ಲ. ಆದರೆ ಸಾವಿಗೆ ನಗುವುದು ಒಮ್ಮೆ ರೂಢಿಯಾದರೆ, ಕೊಲೆಗೆ ನಗುವುದಕ್ಕೂ ನಾಚಿಕೆ ಉಳಿಯುವುದಿಲ್ಲ. ಮೊದಲ ನಗು ಕೇಳಿದಾಗ ಸುಮ್ಮನಿದ್ದವರಲ್ಲಿ ನಾನೂ ಒಬ್ಬಳಲ್ಲವೇ?

ಹನ್ನೊಂದು ವರ್ಷ ಕಳೆಯಿತು. 2025ರ ಸೆಪ್ಟೆಂಬರ್ 24ರಂದು, ನವರಾತ್ರಿಯ ನಡುವೆ, ಎಸ್. ಎಲ್. ಭೈರಪ್ಪ ತೀರಿಕೊಂಡರು. ಅನಂತಮೂರ್ತಿ ಮತ್ತು ಅವರದು ಕನ್ನಡದ ದೊಡ್ಡ ವಾಗ್ವಾದ. 'ಸಂಸ್ಕಾರ' ಬಂದ 1965ರಲ್ಲೇ ಅವರ 'ವಂಶವೃಕ್ಷ'ವೂ ಬಂದಿತ್ತು. 2007ರಲ್ಲಿ 'ಆವರಣ' ಬಂದಾಗ ಅದನ್ನು ಕಟುವಾಗಿ ಟೀಕಿಸಿದವರಲ್ಲಿ ಅನಂತಮೂರ್ತಿ ಮುಂಚೂಣಿಯಲ್ಲಿದ್ದರು. ಓದುಗರು ಆ ಪುಸ್ತಕವನ್ನು ಮುದ್ರಣದ ಮೇಲೆ ಮುದ್ರಣ ಕೊಂಡರು. 'ಆವರಣ'ವನ್ನು ನಾನೂ ಒಪ್ಪಿದವಳಲ್ಲ. 'ಪರ್ವ'ವನ್ನು ಮಾತ್ರ ಮೂರು ಸಲ ಓದಿದ್ದೇನೆ.

ಆ ದಿನ ನನ್ನ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಕುಹಕದ ಮಾತು ಬಂತು. ಅದರ ಕೆಳಗೆ ನಗುವ ಮುಖಗಳು. ನನ್ನ ಬೆರಳೂ ಆ ಮುಖದ ಮೇಲೆ ಹೋಗಿತ್ತು, ಸುಳ್ಳು ಹೇಳಲಾರೆ. ತಕ್ಷಣ 2014ರ ಪಟಾಕಿ ನೆನಪಾಯಿತು. ಇದೂ ಪಟಾಕಿಯೇ, ಶಬ್ದವಿಲ್ಲ ಅಷ್ಟೆ. ಬೆರಳು ಹಿಂದೆಗೆದುಕೊಂಡೆ.

ಮೈಸೂರಿನಲ್ಲಿ ಭೈರಪ್ಪನವರಿಗೂ ಸರ್ಕಾರಿ ಗೌರವದ ವಿದಾಯ ಸಂದಿತು. ಅವರ ನಿಲುವುಗಳಿಗೆ ದೂರವಿದ್ದ ಸರ್ಕಾರವೇ ಅದನ್ನು ಮಾಡಿತು. ಆ ವಾರಾಂತ್ಯ ಇಲ್ಲಿ ನಮ್ಮ ಬೊಂಬೆ ಹಬ್ಬವಿತ್ತು. ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಮೈಕು ಕೈಗೆ ಬಂದಾಗ, ಭೈರಪ್ಪನವರಿಗೆ ಮತ್ತು ಹನ್ನೊಂದು ವರ್ಷ ತಡವಾಗಿ ಅನಂತಮೂರ್ತಿಯವರಿಗೆ, ಇಬ್ಬರಿಗೂ ಸೇರಿ ಒಂದು ನಿಮಿಷ ನಿಲ್ಲೋಣ ಎಂದೆ. ಹೆಚ್ಚಿನವರು ನಿಂತರು. ಒಬ್ಬಿಬ್ಬರು ಮೊದಲ ಹೆಸರಿಗೆ ಮುಖ ಗಂಟಿಕ್ಕಿದರು, ಇನ್ನೊಬ್ಬಿಬ್ಬರು ಎರಡನೆಯದಕ್ಕೆ. ಒಬ್ಬರು ಕಾಫಿಗೆಂದು ಹೊರಗೆ ಹೋದರು. ಆಮೇಲೆ ಎಲ್ಲರೂ ಸೇರಿ ಊಟ ಮಾಡಿದೆವು, ಹೊರಗೆ ಹೋಗಿದ್ದವರಿಗೂ ನಾನೇ ಬಡಿಸಿದೆ.

ಓದುಗರೇ, ನಿಂತು ನಮಸ್ಕರಿಸಿದರೆ ಒಪ್ಪಿದಂತಲ್ಲ. ವಾದ ಮುಗಿಯಬೇಕೆಂದೂ ಇಲ್ಲ. ಇಬ್ಬರ ಪುಸ್ತಕಗಳೂ ನಮ್ಮ ಕಪಾಟಿನಲ್ಲಿವೆ, ನಾಳೆಯಿಂದ ಮತ್ತೆ ಜಗಳ ಶುರುಮಾಡಬಹುದು. ಆದರೆ ದೂರ್ವಾಸಪುರದವರು ಶವವನ್ನು ಬಿಟ್ಟು ವಾದಕ್ಕೆ ಕೂತು, ಉಣ್ಣಲೂ ಆಗದೆ ಉಳಿದರಲ್ಲ, ಅದನ್ನು ಮರೆಯಬಾರದು. ನಿಮಗೆ ಒಪ್ಪಿಗೆಯಾಗದ ಲೇಖಕರೊಬ್ಬರು ಇನ್ನೂ ಬದುಕಿದ್ದರೆ, ಈ ವಾರ ಅವರ ಒಂದು ಪುಸ್ತಕ ಓದಿ, ಜಗಳವಿದ್ದರೆ ಅವರಿಗೇ ಪತ್ರ ಬರೆಯಿರಿ. ಉತ್ತರ ಕೊಡಲು ಅವರು ಇರುವಾಗಲೇ ಬರೆಯಿರಿ.