ಸಂಚಾರಿ ವಿಜಯ್: ರಾಷ್ಟ್ರಪ್ರಶಸ್ತಿ ಕೊಟ್ಟೆವು, ಪಾತ್ರ ಕೊಟ್ಟೆವಾ?

ಹೆಸರಿನ ಮುಂದಿರುವ 'ಸಂಚಾರಿ' ಊರಿನದ್ದಲ್ಲ, ಮನೆತನದ್ದೂ ಅಲ್ಲ. ಎನ್. ಮಂಗಳಾ ಬೆಂಗಳೂರಿನಲ್ಲಿ ಕಟ್ಟಿದ 'ಸಂಚಾರಿ ಥಿಯೇಟರ್' ತಂಡದ್ದು. 1983ರಲ್ಲಿ ಹುಟ್ಟಿದ, ಕಡೂರು ತಾಲೂಕು ಪಂಚನಹಳ್ಳಿಯ ವಿಜಯ್ ಕುಮಾರ್ ನಟನೆ ಕಲಿತದ್ದು ಅಲ್ಲಿ.

ಹವ್ಯಾಸಿ ರಂಗಭೂಮಿ ಅಂದ್ರೆ ಏನು ಅಂತ ಗೊತ್ತಾಗಬೇಕಾದರೆ ತಾಲೀಮು ನಡೆಯುವ ಜಾಗಕ್ಕೆ ಸಂಜೆ ಹೋಗಬೇಕು. ನಾನಿರುವುದು ನಾಗರಬಾವಿಯಲ್ಲಿ, ಪಕ್ಕದ ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ ನಾಟಕ ನೋಡೋಕೆ ಹೋಗ್ತಿರ್ತೀನಿ. ಕೆಲಸ ಮುಗಿಸಿ ಬಸ್ಸು ಹಿಡಿದು ಬರೋರು, ತಿಂಗಳುಗಟ್ಟಲೆ ತಾಲೀಮು, ಎರಡು ಮೂರು ಪ್ರದರ್ಶನ. ದುಡ್ಡು ಬಹುಮಟ್ಟಿಗೆ ಸೊನ್ನೆ. ಕನ್ನಡ ಸಿನಿಮಾಕ್ಕೆ ಪಳಗಿದ ನಟರು ಸಿಗೋದು ಈ ಪುಕ್ಕಟೆ ದುಡಿಮೆಯಿಂದ.

ವಿಜಯ್ ಸಿನಿಮಾಕ್ಕೆ ಬಂದದ್ದು 2011ರ 'ರಂಗಪ್ಪ ಹೋಗ್ಬಿಟ್ನಾ' ಮೂಲಕ. ಆಮೇಲೆ 'ದಾಸವಾಳ', 'ಒಗ್ಗರಣೆ'. ನಂತರ ಮಂಸೋರೆ ನಿರ್ದೇಶನದ 'ಹರಿವು'. ಕಾಯಿಲೆಯ ಮಗನನ್ನು ಉತ್ತರ ಕರ್ನಾಟಕದ ಹಳ್ಳಿಯಿಂದ ಬೆಂಗಳೂರಿನ ಆಸ್ಪತ್ರೆಗೆ ತರುವ ರೈತ, ಆಂಬುಲೆನ್ಸಿಗೆ ಕಾಸಿಲ್ಲದೆ ಮಗನ ಶವವನ್ನು ಟ್ರಂಕಿನಲ್ಲಿಟ್ಟು ಬಸ್ಸಿನಲ್ಲಿ ಊರಿಗೆ ಒಯ್ಯುತ್ತಾನೆ. ಆ ಅಪ್ಪ ವಿಜಯ್. ಇದು ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದೇ ವರ್ಷ, 2014ರ ಸಾಲಿನಲ್ಲೇ, ಬಿ.ಎಸ್. ಲಿಂಗದೇವರು ಅವರ 'ನಾನು ಅವನಲ್ಲ... ಅವಳು' ಚಿತ್ರಕ್ಕಾಗಿ ವಿಜಯ್ ಅತ್ಯುತ್ತಮ ನಟ. ಕನ್ನಡ ಸಿನಿಮಾದ ನಟನೆಗೆ ಈ ಪ್ರಶಸ್ತಿ ಅದಕ್ಕೆ ಮೊದಲು ಬಂದದ್ದು ಎರಡೇ ಸಲ: 'ಚೋಮನ ದುಡಿ'ಯ ಎಂ.ವಿ. ವಾಸುದೇವರಾವ್, 'ತಬರನ ಕಥೆ'ಯ ಚಾರುಹಾಸನ್.

ಲಿಂಗದೇವರು ಅವರ ಚಿತ್ರಕ್ಕೆ ಆಧಾರ ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ. ಮಾದೇಶ ವಿದ್ಯಾ ಆಗುವ ಈ ಪಾತ್ರವನ್ನು ನಗೆಪಾಟಲು ಮಾಡುವುದು ಸುಲಭವಿತ್ತು. ಗಾಂಧಿನಗರ ದಶಕಗಳ ಕಾಲ ಮಾಡಿದ್ದೂ ಅದನ್ನೇ. ವಿಜಯ್ ಕೈಕುಲುಕಾಟ, ಕೊಂಕಿಗೆ ಹೋಗಲಿಲ್ಲ. ಮಾದೇಶನಾಗಿ ಮೈ ಹಿಡಿಯಾಗಿಸಿಕೊಂಡವರು ವಿದ್ಯಾ ಆದಂತೆ ಸಡಿಲವಾಗುತ್ತಾರೆ. ನನ್ನ ಪ್ರಕಾರ ಇಡೀ ಪಾತ್ರ ಇರೋದು ಆ ಸಡಿಲದಲ್ಲಿ. ಇವತ್ತು ಆ ಪಾತ್ರವನ್ನು ಟ್ರಾನ್ಸ್ ಕಲಾವಿದೆಯೇ ಮಾಡಬೇಕಿತ್ತು ಅನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ವಿದ್ಯಾ ಸ್ವತಃ ರಂಗಕರ್ಮಿ. ಹಾಗಂತ ವಿಜಯ್ ಮಾಡಿದ ಕೆಲಸದ ತೂಕ ಇಳಿಯೋದಿಲ್ಲ.

ಟ್ರಾನ್ಸ್ ಜನರ ಲಿಂಗ ಗುರುತನ್ನು ಮಾನ್ಯ ಮಾಡಿದ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂದದ್ದು 2014ರ ಏಪ್ರಿಲ್ 15ಕ್ಕೆ, ಸಿನಿಮಾ ಥಿಯೇಟರಿಗೆ ಬಂದದ್ದು 2015ರಲ್ಲಿ. ನಾಗರಬಾವಿಯ ಲಾ ಸ್ಕೂಲಿನ ಹುಡುಗರಿಗೆ ಆ ತೀರ್ಪು ಗೊತ್ತು. ರಿಂಗ್ ರೋಡ್ ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸಿಕೊಳ್ಳುವವರಿಗೆ ತೀರ್ಪಿಗಿಂತ ಈ ಸಿನಿಮಾ ಮುಟ್ಟಿರುವ ಸಾಧ್ಯತೆ ಜಾಸ್ತಿ.

ಪ್ರಶಸ್ತಿ ಬಂದ ಮೇಲೆ? 'ಕಿಲ್ಲಿಂಗ್ ವೀರಪ್ಪನ್', '6ನೇ ಮೈಲಿ', 'ನಾತಿಚರಾಮಿ', 'ಆಕ್ಟ್ 1978'. ಕೆಲಸವಿತ್ತು, ಇಲ್ಲ ಅನ್ನೋ ಹಾಗಿಲ್ಲ. ಆದರೆ ಅವರನ್ನು ಮನಸ್ಸಲ್ಲಿಟ್ಟು ಬರೆದ ದೊಡ್ಡ ಪಾತ್ರಗಳನ್ನು ಲೆಕ್ಕ ಹಾಕಿದರೆ ಒಂದು ಕೈಯ ಬೆರಳು ಸಾಕು. ಸ್ಟಾರ್ ಹೆಸರಿನ ಮೇಲೆ ಹಣ ಹುಟ್ಟುವ ಉದ್ಯಮಕ್ಕೆ ಫ್ಯಾನ್ಸ್ ಸಂಘವಿಲ್ಲದ ನಟನನ್ನು ಏನು ಮಾಡಬೇಕು ಅಂತ ತಿಳಿಯಲಿಲ್ಲ.

ಕೋವಿಡ್ ಎರಡನೇ ಅಲೆಯಲ್ಲಿ ಚಿತ್ರಸಾಹಿತಿ ಕವಿರಾಜ್ ಮತ್ತು ಗೆಳೆಯರ 'ಉಸಿರು' ತಂಡದ ಜೊತೆ ಆಕ್ಸಿಜನ್ ನೆರವಿಗೆ ಓಡಾಡಿದರು. 2021ರ ಜೂನ್ 12ರ ರಾತ್ರಿ ಜೆ.ಪಿ. ನಗರದಲ್ಲಿ ಬೈಕ್ ಅಪಘಾತ. ಹಿಂದೆ ಕೂತಿದ್ದ ವಿಜಯ್ ತಲೆಗೆ ಪೆಟ್ಟಾಗಿ ಮೆದುಳು ನಿಷ್ಕ್ರಿಯವಾಯಿತು. ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು. 37 ವರ್ಷ. ಪಂಚನಹಳ್ಳಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆಯಾಯಿತು. ಮರುತಿಂಗಳೇ ಕರ್ನಾಟಕ ಸರ್ಕಾರ ನೇಮಕಾತಿಯಲ್ಲಿ ಟ್ರಾನ್ಸ್ ಸಮುದಾಯಕ್ಕೆ ಶೇ 1ರ ಮೀಸಲಾತಿ ತಂದಿತು.

'ಪುಕ್ಸಟ್ಟೆ ಲೈಫು', 'ತಲೆದಂಡ' ತೆರೆಗೆ ಬಂದದ್ದು ಅವರು ಹೋದ ಮೇಲೆ. ಇನ್ನೂ ಅವರ ಸಿನಿಮಾ ಒಂದೂ ನೋಡಿಲ್ಲದವರು 'ಹರಿವು'ನಿಂದ ಶುರು ಮಾಡಿ. ಆ ಟ್ರಂಕನ್ನು ಬಸ್ಸಿಗೆ ಏರಿಸುವಾಗ ಅವರ ಕೈಗಳನ್ನು ಗಮನಿಸಿ.