ಬಿಡುಗಡೆಯಾದ ಮೇಲೆ ಎಲ್ಲಿಗೆ?

ಅಪರಾಧಿಗಳನ್ನು ತಿದ್ದುವ ಹೆಸರಿನಲ್ಲಿ ನಮ್ಮ ದೇಶದಲ್ಲಿ ಮೊದಲು ನಡೆದದ್ದು ಕಾವಲು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳಂಕ ಹಚ್ಚಿತು. ಅವರನ್ನು ಕೂಡಿಹಾಕಿದ ಹುಬ್ಬಳ್ಳಿ, ವಿಜಾಪುರದ ಸೆಟ್ಲಮೆಂಟುಗಳಲ್ಲಿ ದುಡಿಮೆಯನ್ನೂ ಹಾಜರಿಯನ್ನೂ ಜೊತೆಜೊತೆಗೇ ಹೇರಲಾಗಿತ್ತು. ಕಾಯ್ದೆ 1952ರಲ್ಲಿ ರದ್ದಾದರೂ ಸಂಶಯದ ಕಣ್ಣು ಮುಚ್ಚಲಿಲ್ಲ. ಇದಕ್ಕೆ ತದ್ವಿರುದ್ಧವಾದ ಪ್ರಯೋಗವೊಂದು 1930ರ ದಶಕದ ಕೊನೆಯಲ್ಲಿ ಇಂದಿನ ಮಹಾರಾಷ್ಟ್ರದಲ್ಲಿರುವ ಔಂಧ್ ಸಂಸ್ಥಾನದ ಸ್ವತಂತ್ರಪುರದಲ್ಲಿ ನಡೆಯಿತು. ಅಲ್ಲಿ ಕೈದಿಗಳನ್ನು ನಂಬಿ ಬಯಲಿನಲ್ಲಿ ಬೇಸಾಯಕ್ಕೆ ಬಿಡಲಾಯಿತು; ನಿರ್ದೇಶಕ ವಿ. ಶಾಂತಾರಾಮರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆ ಅದೇ. 1958ರ ಪ್ರೊಬೇಷನ್ ಕಾಯ್ದೆ, ತಕ್ಕ ಪ್ರಕರಣಗಳಲ್ಲಿ ತಪ್ಪಿತಸ್ಥರನ್ನು ಸೆರೆಗೆ ತಳ್ಳದೆ ಮೇಲ್ವಿಚಾರಣೆಯಲ್ಲಿ ಬಿಡುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟಿತು. 1963ರಲ್ಲಿ ಆರಂಭವಾದ ರಾಜಸ್ಥಾನದ ಸಾಂಗಾನೇರ್ ಬಯಲು ಬಂದೀಖಾನೆ ಇನ್ನೂ ಮುಂದೆ ಹೋಯಿತು: ಕೊಲೆಗಾಗಿ ಶಿಕ್ಷೆಗೊಳಗಾದವರೂ ಅಲ್ಲಿ ಹೆಂಡತಿ ಮಕ್ಕಳೊಡನೆ ಬದುಕುತ್ತಾರೆ, ಹೊರಗೆ ದುಡಿದು ಸಂಸಾರ ಸಾಕುತ್ತಾರೆ, ತಮ್ಮದೇ ಪಂಚಾಯಿತಿ ನಡೆಸುತ್ತಾರೆ. ಕರ್ನಾಟಕದಲ್ಲೂ ದೇವನಹಳ್ಳಿ ಬಳಿಯ ಕೋರಮಂಗಲದಲ್ಲಿ ಬಯಲು ಬಂದೀಖಾನೆಯಿದೆ.

ಇವೆಲ್ಲವುಗಳ ಪಾಠ ಒಂದೇ: ಸಂಸಾರ, ಸಂಬಳ, ಸೂರು ಕೈತಪ್ಪದಿದ್ದರೆ ಮನುಷ್ಯ ನೆಟ್ಟಗಾಗಲು ಕಾರಣ ಉಳಿಯುತ್ತದೆ. ಆದರೆ ಈ ಪಾಠ ಹೆಚ್ಚಾಗಿ ಅನ್ವಯವಾದದ್ದು ಸನ್ನಡತೆ ತೋರಿದ ಶಿಕ್ಷಾಬಂದಿಗಳಿಗೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರು. ತಪ್ಪು ಸಾಬೀತಾಗುವ ಮೊದಲೇ ಕೆಲಸ ಕಳೆದುಕೊಂಡು, ಜಾಮೀನಿಗೆ ಸಾಲ ಮಾಡಿ, ಒಂದು ದಿನ ದಿಢೀರನೆ ಗೇಟಿನ ಹೊರಗೆ ನಿಲ್ಲುವವರು ಇವರೇ. ಬಿಡುಗಡೆಯ ನಂತರದ ಆರೈಕೆ ಅಗತ್ಯವೆಂದು ಜೈಲು ಸುಧಾರಣೆಯ ಕುರಿತ ಮುಲ್ಲಾ ಸಮಿತಿ 1983ರಲ್ಲೇ ಹೇಳಿತ್ತು. ಜೈಲಿಗೂ ಹೊರಗಿನ ಬದುಕಿಗೂ ನಡುವಿನ ಈ ಕಂದಕದ ಮೇಲೆ ಕಾಲುಸಂಕ ಹಾಕಲು 1990ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ‘ಪ್ರಯಾಸ್’ ಆರಂಭಿಸಿತು. ಅದರ ಸಮಾಜ ಕಾರ್ಯಕರ್ತರು ಜೈಲಿನೊಳಗೇ ಪರಿಚಯ ಬೆಳೆಸಿ, ಕಾನೂನು ನೆರವು, ವಸತಿ, ಕೆಲಸದ ತರಬೇತಿಯವರೆಗೆ ಜೊತೆಗಿರುತ್ತಾರೆ.

ನೊಂದವರನ್ನು ಮರೆತು ನೋಯಿಸಿದವರಿಗೆ ಉಪಚಾರವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. 1998ರಲ್ಲಿ ಕೈದಿಗಳ ಕೂಲಿಯ ಕುರಿತ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೊಂದು ಹಾದಿ ತೋರಿಸಿದೆ: ನ್ಯಾಯವಾದ ಕೂಲಿ ಕೊಡಿ, ಅದರಲ್ಲೊಂದು ಪಾಲು ಸಂತ್ರಸ್ತರಿಗೆ ಸಲ್ಲಲಿ. ದುಡಿಯಲಾಗದವನಿಂದ ಪರಿಹಾರ ಎಲ್ಲಿಂದ ಬರಬೇಕು? ಸಮಾಜದ ಸುರಕ್ಷತೆಯ ಭಯಕ್ಕೂ ಉತ್ತರವಿದೆ. ಬಹುತೇಕ ಕೈದಿಗಳು ಇಂದಲ್ಲ ನಾಳೆ ಹೊರಬರುವವರೇ. ಬರಿಗೈಯಲ್ಲಿ ಬರಬೇಕೋ, ನೆಲೆಯೊಂದಿಗೆ ಬರಬೇಕೋ ಎಂಬುದಷ್ಟೇ ನಮ್ಮ ಆಯ್ಕೆ. ಕೇಂದ್ರದ 2023ರ ಮಾದರಿ ಕಾರಾಗೃಹ ಕಾಯ್ದೆ ಪುನರ್ವಸತಿಯ ಮಾತಾಡುತ್ತದೆ, ಜಾರಿ ಮಾತ್ರ ರಾಜ್ಯಗಳ ಕೈಯಲ್ಲಿದೆ. ಪ್ರತಿ ಜಿಲ್ಲಾ ಕಾರಾಗೃಹಕ್ಕೂ ಸಮಾಜ ಕಾರ್ಯಕರ್ತರನ್ನು ನೇಮಿಸಿ, ವಿಚಾರಣಾಧೀನರನ್ನೂ ಅವರ ವ್ಯಾಪ್ತಿಗೆ ತರುವುದರಿಂದ ಕರ್ನಾಟಕ ಈ ಜಾರಿಯನ್ನು ಆರಂಭಿಸಬೇಕು.