ಶಿಶುಶಿಕ್ಷಣ ಮತ್ತು ಕೃತಕ ಬುದ್ಧಿಮತ್ತೆ: ಸುರಪುರ ಸೀಮೆಯ ಇತಿಹಾಸ ಕಲಿಸುವ ಪಾಠ

ಆದಿತೀರ್ಥಂಕರನಾದ ವೃಷಭದೇವನು ತನ್ನ ಪುತ್ರಿಯರಾದ ಬ್ರಾಹ್ಮೀ ಮತ್ತು ಸುಂದರಿಯರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಒಬ್ಬಳಿಗೆ ಬಲಗೈಯಿಂದ ಅಕ್ಷರವನ್ನೂ ಮತ್ತೊಬ್ಬಳಿಗೆ ಎಡಗೈಯಿಂದ ಅಂಕಿಯನ್ನೂ ಬರೆದು ಕಲಿಸಿದನೆಂಬ ಕಥೆ ಶ್ರಾವಕರ ಮನೆಮನೆಗೂ ಪರಿಚಿತವಾದುದು. ಈ ಪ್ರಸಂಗವನ್ನು ಸಂಸ್ಕೃತ ಆದಿಪುರಾಣದಲ್ಲಿ ನಿರೂಪಿಸಿದ ಜಿನಸೇನಾಚಾರ್ಯರು 9ನೆಯ ಶತಮಾನದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಗುರುಗಳು. ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವೂ ಅದೇ ಅರಸನ ಕಾಲದ್ದು. ಅವನ ರಾಜಧಾನಿ ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಸುರಪುರ, ದೇವಾಪುರಗಳಿರುವ ಯಾದಗಿರಿ ಜಿಲ್ಲೆ ಅದರ ನೆರೆಯದು. ಶಿಶುವಿನ ಮೊದಲ ಪಾಠಶಾಲೆ ಹಿರಿಯರ ತೊಡೆಯೆಂಬ ಭಾವನೆ ಈ ನೆಲದಲ್ಲಿ ಅಷ್ಟು ಹಳೆಯದು.

ಆ ಬಳಿಕ ಉಪಕರಣಗಳು ಬದಲಾಗುತ್ತ ಬಂದವು. ಗಾವಟಿ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಓನಾಮ ತಿದ್ದಿದರು. ಮಗ್ಗಿಯನ್ನು, ಕಾಲು ಅರೆ ಮುಕ್ಕಾಲುಗಳ ಲೆಕ್ಕವನ್ನು ಬಾಯಿಪಾಠ ಮಾಡಿದರು. ಮುಂದೆ ಪಾಟಿ ಬಳಪಗಳು ಬಂದವು. ಸುರಪುರ ಸಂಸ್ಥಾನವು 1860ರಲ್ಲಿ ನಿಜಾಮನ ಕೈಸೇರಿದ ಮೇಲೆ ಸೀಮೆಯ ವಿದ್ಯೆಯಲ್ಲಿ ಉರ್ದುವಿಗೆ ಪ್ರಾಧಾನ್ಯ ದೊರೆಯಿತು; 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ತಾಯಿಯ ಮಾತು ಬೇರೆ, ವಿದ್ಯೆಯ ಮಾತು ಬೇರೆಯಾದರೆ ಮಗು ಹಿಂದೆ ಬೀಳುವುದೆಂಬ ಸತ್ಯವನ್ನು ಈ ಸೀಮೆ ಪುಸ್ತಕದಿಂದಲ್ಲ, ಅನುಭವದಿಂದ ಅರಿತಿದೆ.

ಯಂತ್ರದ ಪರೀಕ್ಷೆಯೂ ಹೊಸದೇನಲ್ಲ. 2001ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಮೂಲಕ ಕಲಿಕೆಯ ದೊಡ್ಡ ಪ್ರಯೋಗ ನಡೆಸಿತು. ಕೆಲವು ವರ್ಷಗಳ ನಂತರ, ಯಂತ್ರವು ಸಹಾಯಕವಾಗಬಲ್ಲದೇ ಹೊರತು ಶಿಕ್ಷಕನ ಕೊರತೆಯನ್ನು ತುಂಬಲಾರದೆಂದು ಅದರ ಮುಖ್ಯಸ್ಥರೇ ಬಹಿರಂಗವಾಗಿ ಬರೆದರು. ಅದೇ ಸಂಸ್ಥೆ ಸುರಪುರ ತಾಲ್ಲೂಕಿನಲ್ಲಿ ‘ಮಕ್ಕಳಸ್ನೇಹಿ ಶಾಲೆ’ ಕಾರ್ಯಕ್ರಮವನ್ನು ಕೈಗೊಂಡಾಗ ಶಿಕ್ಷಕರ ಬೆಳವಣಿಗೆಗೂ ಶಾಲೆಯ ವಾತಾವರಣಕ್ಕೂ ಒತ್ತು ಕೊಟ್ಟಿತು. ತನ್ನ ತಪ್ಪನ್ನು ತಾನೇ ಲೆಕ್ಕಕ್ಕೆ ಬರೆದುಕೊಂಡ ಈ ಪ್ರಾಮಾಣಿಕತೆ ಅಪರೂಪವಾದುದು.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಮಗು ಓದಿದ್ದನ್ನು ಕೇಳಿ ತಿದ್ದಬಲ್ಲ, ಕೇಳಿದ ಕಥೆ ಹೇಳಬಲ್ಲ ತಂತ್ರಾಂಶಗಳಿವೆ. ನಲವತ್ತು ಮಕ್ಕಳ ನಡುವೆ ಒಬ್ಬರೇ ಇರುವ ಶಿಕ್ಷಕಿಗೆ ಇದು ನೆರವಾಗಬಹುದೆಂಬುದನ್ನು ಅಲ್ಲಗಳೆಯಲಾಗದು. ಆದರೆ ಈ ಯಂತ್ರ ತಾನು ಕೇಳಿ ಕಲಿತ ಧ್ವನಿಗಳನ್ನಷ್ಟೇ ಚೆನ್ನಾಗಿ ಗ್ರಹಿಸುತ್ತದೆ. ಸುರಪುರದ ಕನ್ನಡವನ್ನೋ ತಾಂಡಾದ ಲಂಬಾಣಿಯನ್ನೋ ಆಡುವ ಮಗುವಿನ ಸರಿಯಾದ ಮಾತನ್ನು ಅದು ತಪ್ಪೆಂದು ಎಣಿಸಿದರೆ, ನಿಜಾಮನ ಕಾಲದ ಅನ್ಯಾಯವೇ ಹೊಸ ವೇಷದಲ್ಲಿ ಮರಳಿದಂತಾಗುವುದು. ಐದು ವರ್ಷದೊಳಗಿನ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಇನ್ನೂ ಕಟ್ಟುನಿಟ್ಟಾದುದು: ಒಂದು ವರ್ಷದೊಳಗಿನ ಶಿಶುವಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು.

ಇನ್ನೊಂದು ಪ್ರಶ್ನೆ ನೇರವಾಗಿ ಅಚೌರ್ಯಾಣುವ್ರತಕ್ಕೆ ಸೇರಿದುದು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಮಾತನಾಡುವ ‘ಕೇಲಾ’ ಎಂಬ ಗೊಂಬೆ ಗುಪ್ತವಾಗಿ ಧ್ವನಿ ರವಾನಿಸಬಲ್ಲ ಸಾಧನವೆಂದು ಪರಿಗಣಿಸಿ 2017ರಲ್ಲಿ ಜರ್ಮನಿ ಅದನ್ನು ನಿಷೇಧಿಸಿತು. ಭಾರತದ 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಸಮ್ಮತಿಯನ್ನು ವಿಧಿಸಿದೆ. ಆದರೆ ಓದಲು ಬಾರದ ತಂದೆತಾಯಿಯಿಂದ ಮೊಬೈಲಿನಲ್ಲಿ ಒತ್ತಿಸಿಕೊಂಡ ಒಪ್ಪಿಗೆ ಕಾನೂನಿಗೆ ಸಾಕಾದರೂ ಧರ್ಮಕ್ಕೆ ಸಾಲದು. ಮೂರು ವರ್ಷದ ಕೂಸಿನ ತೊದಲು ನುಡಿ ಯಾರ ವ್ಯಾಪಾರದ ಬಂಡವಾಳವೂ ಆಗಬಾರದು.

ಮರಳು ಹೋಗಿ ಪಾಟಿ ಬಂದಾಗ ವಿದ್ಯೆ ಕೆಡಲಿಲ್ಲ. ಬಳಿಯಲ್ಲಿ ಕೈಹಿಡಿದು ತಿದ್ದಿಸುವವರಿದ್ದರು. ಕೃತಕ ಬುದ್ಧಿಮತ್ತೆಯೂ ಪಾಟಿಯ ಸ್ಥಾನದಲ್ಲಿರಲಿ. ಶಾಲೆಗೆ ಯಂತ್ರವನ್ನು ದಾನವಾಗಿ ಕೊಡುವ ಶ್ರಾವಕರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಶಾಲೆಯಲ್ಲಿ, ಆ ಅಂಗನವಾಡಿಯಲ್ಲಿ ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಳ್ಳುವವರು ಇದ್ದಾರೆಯೆ? ಇಲ್ಲವಾದರೆ ದಾನ ಮೊದಲು ಅಲ್ಲಿಗೆ ಸಲ್ಲಬೇಕು.